ಕಿಟಕಿ ಮುಚ್ಚಿದ ಮೇಲೆ

ನಾಲ್ಕು ನಿಮಿಷ ನಲವತ್ತು ಸೆಕೆಂಡು ಎಂದು ತಾನೇ ಬರೆದಿದ್ದನ್ನು ಅವನು ಬೆಳಗಿನಿಂದ ಮೂರನೆಯ ಸಲ ತೆಗೆದು ನೋಡಿದ. ಅಕ್ಷರ ದುಂಡಗಿತ್ತು, ಎಲ್ಲೂ ಚಿತ್ತಿರಲಿಲ್ಲ. ಎರಡು ತಿಂಗಳ ಹಿಂದೆ ತಂಗಿಗೆ ಫಿಟ್ಸ್ ಬಂದು ನಿಂತ ಮೇಲೆ, ಅವಳಿನ್ನೂ ನೆಲದ ಮೇಲೆ ಬಾಯಿ ತೆರೆದು ಗೊರಗೊರ ಉಸಿರಾಡುತ್ತಿದ್ದಾಗಲೇ, ಪಕ್ಕದಲ್ಲಿ ಕೂತು ಬರೆದದ್ದು. ಆ ನೋಟ್‌ಬುಕ್ಕನ್ನು ಇವತ್ತು ಮಧ್ಯಾಹ್ನ ಮೂರು ಗಂಟೆಗೆ ಡಾಕ್ಟರಮ್ಮನ ಮೇಜಿನ ಮೇಲೆ ಇಡಬೇಕು. ಕಾರ್ಖಾನೆಯ ಹಾಜರಿ ಪುಸ್ತಕಗಳ ಕೆಳಗೆ ಅದನ್ನು ಮತ್ತೆ ತೂರಿಸಿ ಖಾನೆ ಮುಚ್ಚಿದ. ಬೆಳಗಿನ ಪಾಳಿಯ ಸೈರನ್ ಕೂಗುವುದಕ್ಕೆ ಇನ್ನೂ ಆರು ನಿಮಿಷವಿತ್ತು. ಗಾಜಿನ ಕಿಂಡಿಯಾಚೆ ಜನ ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಗೋಡೆಯ ಯಂತ್ರದೊಳಗೆ ಕಾರ್ಡು ತೂರಿಸಿ, ಅದು ಕಟಕ್ಕೆಂದು ಹೊತ್ತನ್ನು ಒತ್ತಿಕೊಟ್ಟ ಮೇಲೆ ಒಳಗೆ ಹೋಗುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಈ ಕಿಂಡಿಯ ಹಿಂದೆ ಕೂತು ಅವನು ಮಾಡಿಕೊಂಡು ಬಂದದ್ದು ಇಷ್ಟೇ: ಎಂಟು ಗಂಟೆಯ ಮೇಲೆ ಮೂರು ನಿಮಿಷ ದಾಟಿದವರ ಕಾರ್ಡಿಗೆ ಕೆಂಪು ಗೆರೆ ಎಳೆಯುವುದು. ಮೂರು ಗೆರೆ ಬಿದ್ದರೆ ಅರ್ಧ ದಿನದ ರಜೆ ಖೋತಾ. ಅವನ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತೋ ಏನೋ, ಬೆನ್ನ ಹಿಂದೆ ಎಲ್ಲರಿಗೂ ಅವನು ಕೆಂಪುಗೆರೆ. ಅದನ್ನು ಬಾಯಿ ತಪ್ಪಿ ಮನೆಯಲ್ಲಿ ಹೇಳಿಬಿಟ್ಟಿದ್ದ. ಆವತ್ತಿನಿಂದ ತಂಗಿ, "ಕೆಂಪುಗೆರೆಯವರು ಊಟಕ್ಕೆ ಏಳ್ತಾರೋ, ಇಲ್ಲಾ ನಾನೇ ಲೇಟು ಹಾಕ್ಲೋ?" ಎಂದು ಕಾಡಿಸುತ್ತಿದ್ದಳು.

"ಗಡಿಯಾರ ನೋಡಿ. ಅಂದಾಜು ಬೇಡ," ಎಂದು ಡಾಕ್ಟರಮ್ಮ ನಾಲ್ಕು ವರ್ಷದ ಹಿಂದೆ ಮೊದಲ ದಿನವೇ ಹೇಳಿದ್ದಳು. ವಯಸ್ಸಿನಲ್ಲಿ ತಂಗಿಗಿಂತ ಚಿಕ್ಕವಳು, ಮಾತು ಮಾತ್ರ ಖಡಾಖಂಡಿತ. ಮೈಯೆಲ್ಲ ಸೆಟೆದು ಅದುರುವ ಈ ಥರದ ಫಿಟ್ಸ್ ಹೆಚ್ಚಿನವರಿಗೆ ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ, ಕೆಲವರಿಗೆ ನಿಲ್ಲುವುದಿಲ್ಲ. ಐದು ನಿಮಿಷ ದಾಟಿದರೆ ಇನ್ನೇನು ನಿಲ್ಲುತ್ತದೆ ಎಂದು ಕಾಯುತ್ತ ಕೂರಬಾರದು, ಆಗ ಮೆದುಳಿಗೂ ಅಪಾಯ, ಜೀವಕ್ಕೂ ಅಪಾಯ. ಐದಾದ ತಕ್ಷಣ ಮೂಗಿಗೆ ಇದನ್ನು ಹೊಡೆಯಿರಿ, ಆಂಬುಲೆನ್ಸ್ ಕರೆಯಿರಿ, ಎಂದು ಹೆಬ್ಬೆರಳಿನಷ್ಟುದ್ದದ ಬಿಳಿ ಪ್ಲಾಸ್ಟಿಕ್ ಸ್ಪ್ರೇ ಒಂದನ್ನು ಕೈಗಿಟ್ಟಿದ್ದಳು. ಅದು ಬೀರುವಿನ ಮೇಲೆ ಕೂತಿತ್ತು. ಅವಧಿ ಮುಗಿದು ಎರಡು ಸಲ ಹೊಸದು ತಂದಿದ್ದಾಯಿತು, ಒಂದನ್ನೂ ಬಿಚ್ಚುವ ಪ್ರಸಂಗ ಬಂದಿರಲಿಲ್ಲ. ನೋಟ್‌ಬುಕ್ಕಿನಲ್ಲಿದ್ದ ಮೂವತ್ತೊಂದು ಫಿಟ್ಸಿನಲ್ಲಿ ಒಂದೂ ಐದನ್ನು ಮುಟ್ಟಿರಲಿಲ್ಲ. ಹೋದ ಸಲ ಆಕೆ ಪುಟ ತಿರುವುತ್ತಾ ತಿರುವುತ್ತಾ, "ಇಷ್ಟು ನೀಟಾಗಿ ಬರೆಯೋರನ್ನ ನಾನು ನೋಡೇ ಇಲ್ಲ. ಬೇರೆ ಮನೆಯೋರಿಗೆ ತೋರಿಸ್ಬೇಕು ಇದನ್ನ," ಎಂದಿದ್ದಳು. ಆಮೇಲೆ, "ಎಲ್ಲಾ ಐದರೊಳಗೇ ಇದೆ, ಗುಳಿಗೆ ಜಾಸ್ತಿ ಮಾಡೋದು ಬೇಡ," ಎಂದು ಹಳೆಯದನ್ನೇ ಬರೆದುಕೊಟ್ಟಿದ್ದಳು. ಹೊಗಳಿಕೆಗೆ ಅವನ ಕಿವಿ ಬಿಸಿಯಾಗಿತ್ತು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ತಂಗಿ, "ಅವನ ಕೆಲಸಾನೇ ಅದಲ್ವಾ ಡಾಕ್ಟ್ರೇ," ಎಂದು ಹೆಮ್ಮೆಯಿಂದಲೇ ಹೇಳಿದ್ದಳು. ಆ ಹೆಮ್ಮೆ ನೆನಪಾದಾಗಲೆಲ್ಲ ಈಗ ಅವನ ಕೈ ಖಾನೆಯ ಕಡೆಗೆ ಹೋಗುತ್ತಿತ್ತು.

ಯಾಕೆಂದರೆ ಆ ನಾಲ್ಕು ನಿಮಿಷ ನಲವತ್ತು ಸೆಕೆಂಡಿನ ನಂತರ ಎರಡು ದಿನ ಅವಳಿಗೆ ಕತ್ತರಿಯ ಹೆಸರು ಸಿಕ್ಕಿರಲಿಲ್ಲ. ಮನೆಯಲ್ಲೇ ಕೂತು ಕೋಟುಗಳಿಗೆ ಕೈಯಲ್ಲಿ ಕಾಜಾ ಹಾಕುವುದು ಅವಳ ಕೆಲಸ. ಗುಂಡಿ ತೂರುವ ಸೀಳಿನ ಸುತ್ತ ಒತ್ತೊತ್ತಾಗಿ ದಾರ ಸುತ್ತಿ ಗಟ್ಟಿ ಮಾಡಬೇಕು. ಯಂತ್ರದ ಕಾಜಾ ಬೇಡವೆನ್ನುವ ಗಿರಾಕಿಗಳಿಗಾಗಿ ದರ್ಜಿ ಅಂಗಡಿಯವರು ಅವಳ ಬಳಿಗೇ ಕಳಿಸುತ್ತಿದ್ದರು. ಆವತ್ತು ಸೂಜಿ ಹಿಡಿದ ಬಲಗೈ ಇನ್ಯಾರದೋ ಕೈ ಎಂಬಂತೆ ಅದನ್ನೇ ನೋಡಿಕೊಂಡು ಕೂತಿದ್ದಳು. "ಅಣ್ಣಾ, ಅದು ಕೊಡು... ಅದೇ, ಬಾಯಿ ತೆಗೆಯುತ್ತಲ್ಲ, ಅದು," ಎಂದಾಗ ಅವನು ನಕ್ಕಿದ್ದ, ಅವಳೂ ನಕ್ಕಿದ್ದಳು. ಮೂರನೆಯ ದಿನ ಹೆಸರು ತಾನಾಗಿ ಬಂತು. ಆವತ್ತಿಡೀ ಮನೆ ತುಂಬ ಓಡಾಡುತ್ತ ಕತ್ತರಿ ಕತ್ತರಿ ಎನ್ನುತ್ತಿದ್ದಳು. ಆದರೆ ಈಗಲೂ ಮಾತಿನ ನಡುವೆ ಒಮ್ಮೊಮ್ಮೆ ಗಕ್ಕನೆ ನಿಂತುಬಿಡುತ್ತಾಳೆ. ಅದನ್ನು ಗಮನಿಸಿಲ್ಲ ಎಂಬಂತೆ ಅವನು ಪೇಪರಿನ ಮೇಲೆ ಬಗ್ಗುತ್ತಾನೆ, ಅವನು ಬಗ್ಗಿದ್ದು ಕಂಡಿಲ್ಲ ಎಂಬಂತೆ ಅವಳು ದಾರ ಕಚ್ಚುತ್ತಾಳೆ. ಎರಡು ತಿಂಗಳಿಂದ ಆ ಮನೆಯಲ್ಲಿ ಇಬ್ಬರೂ ಹೀಗೆ ಒಬ್ಬರನ್ನೊಬ್ಬರು ಕಾಪಾಡುತ್ತಿದ್ದರು.

ಸೈರನ್ ಕೂಗಿತು. ಸಾಲು ಕರಗಿ ಕರಗಿ ಕೊನೆಗೆ ಲೇತ್ ಕೆಲಸದ ಮುದುಕ ಉಳಿದ. ಮಂಡಿ ಸವೆದು ಒಂದು ಕಾಲು ಎಳೆಯುತ್ತಿದ್ದ, ನಿವೃತ್ತಿಗೆ ಇನ್ನು ಆರು ತಿಂಗಳಿತ್ತು. ಅವನ ಕಾರ್ಡಿನ ಮೇಲೆ ಎಂಟು ಗಂಟೆ ಐದು ನಿಮಿಷ ಬಿದ್ದಿತ್ತು. ಕೆಂಪುಗೆರೆ ಪೆನ್ನು ತೆಗೆದ.

"ಸಾರ್, ಒಂದ್ಮಾತು," ಎಂದು ಮುದುಕ ಕಿಂಡಿಗೆ ಬಾಯಿ ಹತ್ತಿರ ತಂದ. "ನಾನು ಗೇಟು ದಾಟಿದ್ದು ಏಳು ಐವತ್ತಾರಕ್ಕೆ. ಕಾವಲಿನೋನ್ನ ಕೇಳಿ ಬೇಕಾದ್ರೆ."

"ಕಾರ್ಡಿನಲ್ಲಿ ಎಂಟು ಐದು ಇದೆ."

"ಅದು ಗೊತ್ತು ಸಾರ್. ಮುಂದೆ ಅರವತ್ತು ಜನ ಇದ್ರು. ಈ ಕಾಲು ಕಟ್ಕೊಂಡು ನುಗ್ಗೋಕಾಗಲ್ಲ. ನಿಂತೇ ಇದ್ನಲ್ಲ ನಾನು. ಆ ನಿಂತಿದ್ದು ಯಾರ ಲೆಕ್ಕ?"

"ನನಗೆ ಕಾರ್ಡಿನ ಲೆಕ್ಕ ಅಷ್ಟೇ."

"ಹೌದು ಬಿಡಿ," ಎಂದ ಮುದುಕ. ಸಿಟ್ಟಿರಲಿಲ್ಲ, ದಣಿವಿತ್ತು. "ನಿಮ್ಮ ಲೆಕ್ಕ ಶುರುವಾಗೋದು ಕಟಕ್ ಅಂದ್ಮೇಲೆ. ನನ್ನ ದಿನ ಅದಕ್ಕೂ ಮುಂಚೆ ಶುರುವಾಗಿರುತ್ತೆ."

ಅವನು ಗೆರೆ ಎಳೆದ. ಎಳೆಯುವಾಗ ಕೈ ಅರ್ಧದಲ್ಲಿ ನಿಂತಿತು, ಮತ್ತೆ ಮುಂದುವರಿದು ಪೂರ್ತಿ ಮಾಡಿತು. ಮುದುಕ ಕಾಲೆಳೆಯುತ್ತ ಒಳಗೆ ಹೋದ ಮೇಲೂ ಕಿಂಡಿಯ ಗಾಜಿನ ಮೇಲೆ ಅವನ ಉಸಿರಿನ ಮಂಜು ಸ್ವಲ್ಪ ಹೊತ್ತು ಇತ್ತು. ಕೆಂಪುಗೆರೆ ಖಾನೆ ಎಳೆದು ನೋಟ್‌ಬುಕ್ಕನ್ನು ಹಾಜರಿ ಪುಸ್ತಕದಂತೆ ಮೇಜಿನ ಮೇಲೆಯೇ ಬಿಚ್ಚಿಟ್ಟ. ನಾಲ್ಕು ಇಪ್ಪತ್ತು. ಮೂರು ಐವತ್ತೈದು. ನಾಲ್ಕು ಹತ್ತು. ನಾಲ್ಕು ಮೂವತ್ತು. ಕಾರ್ಡಿನಲ್ಲಿ ಇಂಥ ಸಾಲು ಕಂಡಿದ್ದರೆ, ತಿಂಗಳುಗಟ್ಟಲೆ ಒಬ್ಬ ಮನುಷ್ಯ ಗೆರೆಯ ಒಳಗೇ ಬಂದು ಬೀಳುತ್ತಿದ್ದರೆ, ಅವನು ಆವತ್ತೇ ಆ ಮನುಷ್ಯನನ್ನು ಕರೆಸಿ, ಇದರಲ್ಲಿ ಏನೋ ಮಸಲತ್ತಿದೆ ಎಂದು ಗದರಿಸುತ್ತಿದ್ದ. ಇಲ್ಲಿ ಯಾರನ್ನು ಕರೆಸುವುದು? ಗೊತ್ತಿತ್ತು ಎಂದರೆ ಅದೂ ಸುಳ್ಳು, ಗೊತ್ತಿರಲಿಲ್ಲ ಎಂದರೆ ಅದೂ ಸುಳ್ಳು. ಗೊತ್ತಾಗದ ಹಾಗೆ ನೋಡಿಕೊಂಡಿದ್ದ.

ಕಿಟಕಿ, ಎಂದು ಅಮ್ಮ ಕೂಗುತ್ತಿದ್ದಳು. ಫಿಟ್ಸ್ ಎಂಬ ಮಾತೇ ಆ ಮನೆಯಲ್ಲಿ ಇರಲಿಲ್ಲ, ಇದ್ದದ್ದು ಅದು ಎಂಬ ಮಾತಷ್ಟೇ. ಅದು ಬಂತು, ಅದು ಹೋಯಿತು. ತಂಗಿಗೆ ಹತ್ತು ವರ್ಷವಿದ್ದಾಗ ಅದು ಬೀದಿ ಕಡೆಯ ತೆರೆದ ಕಿಟಕಿಯ ಬುಡದಲ್ಲೇ ಬಂದಿತ್ತು. ಸರಳು ಹಿಡಿದು ಜನ ನಿಂತಿದ್ದರು, ಹಿಂದೆ ನಿಂತವರು ಮುಂದಿನವರಿಗೆ ಬಗ್ಗಿ ಎನ್ನುತ್ತಿದ್ದರು. ಆಮೇಲೆ ಬಹಳ ದಿನ ಬೀದಿಯ ಹುಡುಗಿಯರು ಒಂದು ಹೊಸ ಆಟ ಆಡಿದರು. ಒಬ್ಬಳು ಧೊಪ್ಪನೆ ಬಿದ್ದು ಕೈಕಾಲು ಒದರಬೇಕು, ಉಳಿದವರು ಕಿರುಚುತ್ತ ಓಡಬೇಕು. ಅವನಿಗಾಗ ಹದಿನೈದು. ಒಂದು ಸಂಜೆ ಮೂಲೆಯಲ್ಲಿ ನಿಂತು ಆ ಆಟ ನೋಡಿದ್ದ. ಒಬ್ಬಳು ಎಷ್ಟು ಚೆನ್ನಾಗಿ ಬಿದ್ದಳೆಂದರೆ ಅವನಿಗೆ ನಗು ಬಂದುಬಿಟ್ಟಿತ್ತು. ತಿರುಗಿದರೆ ಅಮ್ಮ ಚೀಲ ಹಿಡಿದು ನಿಂತಿದ್ದಳು. ಅವಳು ಬಯ್ಯಲಿಲ್ಲ. ಮುಂದಿನ ಸಲ ಅದು ಬಂದಾಗ, ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವನ ಮುಖವನ್ನೂ ನೋಡದೆ, "ಕಿಟಕಿ!" ಎಂದಳು. ಅವನು ಓಡಿದ. ಬೀದಿ ಕಡೆಯವೆರಡು, ಅಡುಗೆಮನೆಯದು, ಮಲಗುವ ಕೋಣೆಯಲ್ಲಿ ಸ್ಟೂಲು ಹತ್ತಿ ಮುಚ್ಚಬೇಕಾದ ಎತ್ತರದ್ದು, ಕೊನೆಗೆ ಬಾಗಿಲಿನ ಚಿಲಕ. ಡಾಕ್ಟರಮ್ಮ ಗಡಿಯಾರ ನೋಡಿ ಎಂದ ಮೇಲೂ ಈ ಕ್ರಮ ಬದಲಾಗಲಿಲ್ಲ. "ಎಲ್ಲಾ ಮುಚ್ಚಿದ್ಯಾ? ಈಗ ನೋಡು ಗಡಿಯಾರ," ಎಂದಿದ್ದಳು ಅಮ್ಮ. ಅಲ್ಲಿಂದ ಲೆಕ್ಕ. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡಳು. ಕಿಟಕಿ ಎಂದು ಕೂಗುವವರಿರಲಿಲ್ಲ, ತಲೆಯನ್ನು ತೊಡೆಯ ಮೇಲಿಟ್ಟುಕೊಳ್ಳುವವರೂ ಇರಲಿಲ್ಲ. ಅವನು ಮಾತ್ರ ಈಗಲೂ ಓಡುತ್ತಿದ್ದ. ಅಷ್ಟು ಹೊತ್ತು ತಂಗಿ ನೆಲದ ಮೇಲೆ ಒಬ್ಬಳೇ ಇರುತ್ತಿದ್ದಳು ಎಂಬುದು ಗಾಜಿನ ಕಿಂಡಿಯ ಹಿಂದೆ ಕೂತ ಆ ಬೆಳಿಗ್ಗೆ ಅವನಿಗೆ ಮೊದಲ ಸಲ ಹೊಳೆಯಿತು.

ಹನ್ನೆರಡಕ್ಕೆ ನೋಟ್‌ಬುಕ್ಕನ್ನು ಬ್ಯಾಗಿಗೆ ಹಾಕಿ, ಕಾರ್ಡು ಒತ್ತಿ ಹೊರಬಿದ್ದ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬೇರೆ ದಿನವಾದರೆ ಅದೊಂದು ಸಣ್ಣ ಸಂತೋಷ. ಡಾಕ್ಟರಮ್ಮನಿಗೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಜೋಡಿಸತೊಡಗಿದ. ಸಣ್ಣದೊಂದು ವ್ಯತ್ಯಾಸವಾಗಿದೆ ಮೇಡಂ. ಇಲ್ಲ, ಸಣ್ಣದಲ್ಲ. ಗಡಿಯಾರ ಸ್ವಲ್ಪ ತಡವಾಗಿ ನೋಡಿದ್ದೇನೆ. ಎಷ್ಟು ತಡ? ಯಾಕೆ ತಡ? ಕಿಟಕಿ ಮುಚ್ಚುತ್ತಿದ್ದೆ. ಯಾಕೆ ಮುಚ್ಚುತ್ತಿದ್ದಿರಿ? ಆಕೆಯ ಹುಬ್ಬು ಮೇಲೇರುವುದು ಕಣ್ಣಿಗೆ ಕಟ್ಟಿತು. ಬೇರೆ ಮನೆಯವರಿಗೆ ತೋರಿಸಬೇಕು ಎಂದಿದ್ದ ಪುಸ್ತಕ. ಹೇಳದೆ ಇದ್ದರೆ ಏನಾಗುತ್ತದೆ, ಇವತ್ತಿನಿಂದ ಸರಿಯಾಗಿ ಬರೆದರಾಯಿತಲ್ಲ, ಎಂದು ಒಂದು ಯೋಚನೆ ಬಂತು. ಅದು ಎಷ್ಟು ಸಲೀಸಾಗಿ ಬಂತೆಂದರೆ, ಮೊದಲಿನಿಂದಲೂ ಅಲ್ಲೇ ಕೂತಿತ್ತೇನೋ ಅನ್ನಿಸಿತು. ಇಳಿಯುವ ಸ್ಟಾಪು ದಾಟಿಹೋಗಿ, ಒಂದು ಸ್ಟಾಪಿನಷ್ಟು ದೂರ ಬಿಸಿಲಲ್ಲಿ ವಾಪಸು ನಡೆದ.

ತಂಗಿ ಬೀದಿ ಕಡೆಯ ಕಿಟಕಿಯ ಬೆಳಕಿಗೆ ಕಪ್ಪು ಕೋಟೊಂದನ್ನು ಹಿಡಿದು ಕೂತಿದ್ದಳು. ಕಣ್ಣು ಕೆಂಪಗಿತ್ತು. "ನಾಲ್ಕಕ್ಕೇ ಎದ್ದೆ. ಇವತ್ತೇ ಬೇಕಂತೆ ಅವರಿಗೆ," ಎಂದಳು ಅವನು ಕೇಳುವ ಮೊದಲೇ. ನಿದ್ದೆಗೆಟ್ಟರೆ ಅದು ಬರುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಅವನು ಬ್ಯಾಗನ್ನು ಬಾಗಿಲ ಬಳಿ ಇಟ್ಟು, ಕೈಗಡಿಯಾರದ ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬರುವವರೆಗೆ ಕಾದು, ಬೀದಿ ಕಡೆಯ ಮೊದಲ ಕಿಟಕಿ ಮುಚ್ಚಿದ.

"ಏನೋ ಇದು? ನಾನಿನ್ನೂ ಬಿದ್ದಿಲ್ಲ," ಎಂದಳು ತಂಗಿ.

ಅವನು ಎರಡನೆಯದನ್ನೂ ಮುಚ್ಚಿದ. ಅಡುಗೆಮನೆಗೆ ಹೋದ. ಅಲ್ಲಿನ ಅಗುಳಿ ಜಾರಿ, ಎರಡು ಸಲ ಹಾಕಬೇಕಾಯಿತು. ಮಲಗುವ ಕೋಣೆಯಲ್ಲಿ ಮಂಚದ ಕೆಳಗಿಂದ ಸ್ಟೂಲು ಎಳೆದ, ಹತ್ತಿದ, ಮಳೆಗೆ ಉಬ್ಬಿದ್ದ ಕಿಟಕಿಯ ಬಾಗಿಲನ್ನು ಗುದ್ದಿ ಗುದ್ದಿ ಕೂರಿಸಿದ. ಇಳಿದು ಬಂದು ಬಾಗಿಲಿಗೆ ಚಿಲಕ ಹಾಕಿ ಗಡಿಯಾರ ನೋಡಿದ. ಎರಡು ನಿಮಿಷ ಹತ್ತು ಸೆಕೆಂಡು. ಮನಸ್ಸು ತಾನಾಗಿ ಕೂಡಿಸಿಬಿಟ್ಟಿತು, ಇಪ್ಪತ್ತಾರು ವರ್ಷದ ಅಭ್ಯಾಸ. ಆರು ಮೂವತ್ತು. ಆರು ಐದು. ಆರು ಇಪ್ಪತ್ತು. ಕತ್ತರಿಯ ದಿನ ಆರು ಐವತ್ತು. ಮೂವತ್ತೊಂದಕ್ಕೆ ಮೂವತ್ತೊಂದೂ ಐದನ್ನು ದಾಟಿತ್ತು. ಕತ್ತಲೆ ಕವಿದ ಕೋಣೆಯಲ್ಲಿ ತಂಗಿಯ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಅದೇ ಅನುಕೂಲವೆನಿಸಿತು, ಈಗಲೇ ಹೇಳಿಬಿಡಬೇಕು ಅಂದುಕೊಂಡ.

"ನಾನು ಒಂದು ತಪ್ಪು ಮಾಡಿದ್ದೀನಿ," ಎಂದ.

"ಮಧ್ಯಾಹ್ನದ ಹೊತ್ತಲ್ಲಿ ಕಿಟಕಿ ಮುಚ್ಚಿ ನನ್ನ ಕೆಲಸ ಕೆಡಿಸಿದ್ದೀಯ, ಅದು ಕಾಣ್ತಾ ಇದೆ." ಅವಳು ಸೂಜಿಯನ್ನು ಕೋಟಿಗೆ ಚುಚ್ಚಿಟ್ಟಳು. "ಒಂದು ಹೇಳ್ಲಾ? ಚಿಕ್ಕವಳಿದ್ದಾಗ ನಾನು ಏನಂದ್ಕೊಂಡಿದ್ದೆ ಗೊತ್ತಾ? ನಾನು ಬಿದ್ದಾಗಲೆಲ್ಲ ಸಾಯಂಕಾಲ ಆಗಿಬಿಡುತ್ತೆ ಅಂತ. ಬೀಳೋವಾಗ ಬೆಳಗ್ಗೆ ಇರ್ತಿತ್ತು, ಎದ್ದಾಗ ಕತ್ತಲೆ. ಇಡೀ ದಿನ ಹೋಗೇಬಿಡ್ತು ಅಂತ ಅಳ್ತಿದ್ದೆ. ಅಮ್ಮಂಗೆ ಯಾಕೆ ಅಳ್ತೀನಿ ಅಂತ ಗೊತ್ತಾಗ್ತಾ ಇರ್ಲಿಲ್ಲ. ಒಂಬತ್ತನೇ ಕ್ಲಾಸಲ್ಲೇನೋ ಒಂದಿನ ಎದ್ದು ಕೂತ್ಕೊಂಡು, ಕಿಟಕಿ ಸಂದಿಯಿಂದ ಬಿಸಿಲು ಬರ್ತಿರೋದು ನೋಡ್ದೆ. ಆಗ ಗೊತ್ತಾಯ್ತು ಮುಚ್ಚಿದ್ದು ಅಂತ."

"ಹೇಳ್ಲೇ ಇಲ್ಲ ನೀನು."

"ನೀವು ಹೇಳಿದ್ರಾ?"

ಅವನು ಬಾಯಿ ತೆರೆದ. ಲೆಕ್ಕ ತಪ್ಪಿದೆ ಎನ್ನಬೇಕಿತ್ತು. ಅಷ್ಟರಲ್ಲಿ ಅವಳು, "ಸರಿ, ತೆಗಿ ಈಗ, ಇನ್ನೊಂದು..." ಎಂದು ಎದ್ದವಳು ಮಾತಿನ ನಡುವೆ ನಿಂತಳು. ಪದ ಸಿಗುತ್ತಿಲ್ಲ ಎಂದುಕೊಂಡು ಅವನು ಅಭ್ಯಾಸದಂತೆ ಮುಖ ತಿರುಗಿಸಿದ. ಆಗ ಆ ಕೂಗು ಬಂತು, ಗಂಟಲಿನ ಆಳದಿಂದ ಗಾಳಿಯನ್ನೆಲ್ಲ ಯಾರೋ ಒತ್ತಿ ಹಿಂಡಿ ತೆಗೆದಂಥ ಕೂಗು. ಅವಳು ಬಿದ್ದಳು.

ಅವನು ಕಿಟಕಿಯ ಕಡೆಗೆ ಓಡಿದ. ಮೂರು ಹೆಜ್ಜೆ ಓಡಿಯೂ ಬಿಟ್ಟ. ಕಿಟಕಿ ಮುಚ್ಚಿತ್ತು. ಎರಡನೆಯದೂ ಮುಚ್ಚಿತ್ತು. ಮುಚ್ಚುವುದಕ್ಕೆ ಏನೂ ಉಳಿದಿರಲಿಲ್ಲ. ಕೈಗಳು ಗಾಳಿಯಲ್ಲಿ ನಿಂತವು. ತಿರುಗಿ ಗಡಿಯಾರ ನೋಡಿದ, ಹನ್ನೆರಡು ಐವತ್ತೆರಡು, ಮುಳ್ಳು ಹದಿನೈದನೆಯ ಸೆಕೆಂಡಿನಲ್ಲಿತ್ತು. ಆಮೇಲೆ ಅವಳನ್ನು ನೋಡಿದ. ಇಷ್ಟು ವರ್ಷದಲ್ಲಿ ಅದರ ಮೊದಲ ಎರಡು ನಿಮಿಷವನ್ನು ಅವನು ಕಂಡೇ ಇರಲಿಲ್ಲ. ಅವನ ಬೆನ್ನ ಹಿಂದೆ ಅದು ನಡೆಯುತ್ತಿತ್ತು. ಮೈ ಹಲಗೆಯಂತೆ ಸೆಟೆದಿತ್ತು. ಕಣ್ಣು ತೆರೆದೇ ಇತ್ತು, ಅವನು ಇರುವ ಕಡೆಗೇ ತಿರುಗಿತ್ತು, ಅವನನ್ನು ನೋಡುತ್ತಿರಲಿಲ್ಲ. ಉಸಿರಿರಲಿಲ್ಲ. ತುಟಿ ನೋಡುನೋಡುತ್ತಿದ್ದಂತೆ ನೀಲಿಗಟ್ಟಿತು. ಇದನ್ನು ಅಮ್ಮ ಒಬ್ಬಳೇ ನೋಡಿದ್ದಳು, ಪ್ರತಿ ಸಲ, ಅವನನ್ನು ಕಿಟಕಿಗೆ ಅಟ್ಟಿ. ಮಗನಿಗೆ ಕಾಣದಿರಲಿ ಎಂದೇ ಅಟ್ಟುತ್ತಿದ್ದಳೇನೋ. ಇಲ್ಲವೇ ಆವತ್ತು ನಕ್ಕವನು ನೋಡದಿರಲಿ ಎಂದೋ. ಅವನು ಮಂಡಿಯೂರಿ ಕೂತ. ಅದುರು ಶುರುವಾಯಿತು. ಸೂಜಿ ಚುಚ್ಚಿದ್ದ ಕೋಟನ್ನು ದೂರ ಎಸೆದು, ದಿಂಬೆಳೆದು ತಲೆಯ ಕೆಳಗಿಟ್ಟ. ಡಾಕ್ಟರಮ್ಮ ಹೇಳಿದ್ದ ಹಾಗೆ ಭುಜ ಹಿಡಿದು ಒಂದು ಮಗ್ಗುಲಿಗೆ ಹೊರಳಿಸಿದ. ಬಾಯಿಂದ ನೊರೆ ಸೋರಿ ನೆಲಕ್ಕೆ ಬಿತ್ತು. ಒತ್ತಿ ಹಿಡಿಯಬಾರದು, ಬಾಯಿಗೆ ಏನೂ ಇಡಬಾರದು. ಹಾಗಾದರೆ ಏನು ಮಾಡಬೇಕು? ಏನೂ ಮಾಡಬಾರದು, ಹತ್ತಿರ ಇರಬೇಕು. ಅದು ಇಷ್ಟು ಕಷ್ಟದ ಕೆಲಸವೆಂದು ಅವನಿಗೆ ಗೊತ್ತಿರಲಿಲ್ಲ.

ಒಂದು ನಿಮಿಷ. ಕಾರ್ಖಾನೆಯಲ್ಲಿ ಒಂದು ನಿಮಿಷವೆಂದರೆ ಏಳೆಂಟು ಕಾರ್ಡು. ಎರಡು ನಿಮಿಷ. ಇಲ್ಲಿಂದ ಅವನ ಲೆಕ್ಕ ಶುರುವಾಗುತ್ತಿತ್ತು, ಇಲ್ಲಿಂದ ಅವನು ಬಂದು ಕೂರುತ್ತಿದ್ದ, ಈಗಷ್ಟೇ ಶುರುವಾಯಿತು ಎಂಬ ಮುಖ ಹೊತ್ತು. ಮೂರು. ಅವಳ ಹಿಮ್ಮಡಿ ನೆಲಕ್ಕೆ ಬಡಿಯುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. "ಇದ್ದೀನಿ, ಇಲ್ಲೇ ಇದ್ದೀನಿ," ಎಂದ. ಅವಳಿಗೆ ಕೇಳುವುದಿಲ್ಲವೆಂದು ಗೊತ್ತಿತ್ತು, ಆದರೂ ಹೇಳಿದ. ನಾಲ್ಕಾಯಿತು. ಇನ್ನೇನು ನಿಲ್ಲುತ್ತದೆ ಎಂದು ಮನಸ್ಸು ಹಳೆಯ ರಾಗ ತೆಗೆಯಿತು. ನಾಲ್ಕು ನಲವತ್ತು ದಾಟಿತು. ನಿಲ್ಲಲಿಲ್ಲ. ಅವನು ಎದ್ದು ಮಲಗುವ ಕೋಣೆಗೆ ನುಗ್ಗಿದ. ಸ್ಟೂಲು ಕಿಟಕಿಯ ಕೆಳಗೇ ಇತ್ತು. ಬೀರುವಿನ ಮುಂದಕ್ಕೆಳೆದು ಹತ್ತಿ, ಧೂಳಿನಲ್ಲಿ ತಡಕಿ, ಸ್ಪ್ರೇ ಡಬ್ಬಿ ಹಿಡಿದುಕೊಂಡು ಬಂದ. ಹಲ್ಲಿನಿಂದ ಕಾಗದ ಹರಿದ. ಐದು ನಿಮಿಷಕ್ಕೆ ಸರಿಯಾಗಿ ಅವಳ ಮೂಗಿನ ಹೊಳ್ಳೆಗೆ ತುದಿಯಿಟ್ಟು ಒತ್ತಿದ. ಔಷಧಿ ಒಳಗೆ ಹೋಯಿತೋ ಹೊರಗೆ ಹೋಯಿತೋ ತಿಳಿಯಲಿಲ್ಲ. ಅದುರು ನಿಲ್ಲಲಿಲ್ಲ.

ಆಂಬುಲೆನ್ಸ್. ಫೋನು ಬ್ಯಾಗಿನಲ್ಲಿತ್ತು, ಬ್ಯಾಗು ಬಾಗಿಲ ಬಳಿ. ಅವಳ ತಲೆ ದಿಂಬಿನಿಂದ ಜಾರಿ ಮೇಜಿನ ಕಾಲಿಗೆ ತಾಗುತ್ತಿತ್ತು. ಒಂದು ಕೈಯಲ್ಲಿ ತಲೆ ಹಿಡಿದು ಇನ್ನೊಂದು ಕೈ ಚಾಚಿದ. ಬ್ಯಾಗಿಗೆ ನಿಲುಕಲಿಲ್ಲ, ಕಿಟಕಿಯ ಅಗುಳಿಗೆ ನಿಲುಕಿತು. ಆ ಅಗುಳಿಯನ್ನು ಹಗಲು ಹೊತ್ತಿನಲ್ಲಿ, ಅವಳು ನೆಲದ ಮೇಲಿರುವಾಗ, ಅವನು ಯಾವತ್ತೂ ತೆಗೆದಿರಲಿಲ್ಲ. ತೆಗೆದ. ಕಿಟಕಿ ಧಡಾರೆಂದು ತೆರೆದು ಗೋಡೆಗೆ ಬಡಿಯಿತು. ಬಿಸಿಲು ಒಮ್ಮೆಗೇ ಒಳಗೆ ಬಿದ್ದು, ಅವಳ ನೆನೆದ ಮುಖವನ್ನು, ಒದ್ದೆಯಾದ ಬಟ್ಟೆಯನ್ನು, ಎಲ್ಲವನ್ನೂ ತೋರಿಸಿತು.

"ಯಾರಾದ್ರೂ ಬನ್ನಿ!" ಎಂದು ಕೂಗಿದ. ಅವನ ದನಿಯೇ ಅವನಿಗೆ ಅಪರಿಚಿತವಾಗಿತ್ತು. "ಆಂಬುಲೆನ್ಸ್‌ಗೆ ಫೋನ್ ಮಾಡಿ! ಫಿಟ್ಸ್! ನಮ್ಮ ಮನೆಯಲ್ಲಿ ಫಿಟ್ಸ್!"

ಎದುರುಮನೆಯ ರಿಟೈರ್ಡ್ ಟೀಚರಮ್ಮ ಆಗಲೇ ಬೀದಿ ದಾಟುತ್ತಿದ್ದಳು, ಕಿವಿಗೆ ಫೋನು ಇಟ್ಟುಕೊಂಡು. ಅವನು ಮಂಡಿಯಲ್ಲೇ ಸರಿದು ಬಾಗಿಲಿನ ಚಿಲಕ ಎಳೆದ. ಅವಳ ಹಿಂದೆ ಇಬ್ಬರು ಮೂವರು ಬಂದು ಕಿಟಕಿಯ ಆಚೆ ನಿಂತರು. ಅವರಲ್ಲೊಬ್ಬ, "ಬಾಯಿಗೆ ಚಮಚ ಇಡಿ, ನಾಲಿಗೆ ಕಚ್ಕೊಂಡು ಬಿಡ್ತಾರೆ," ಎಂದ. "ಏನೂ ಇಡಬಾರದು," ಎಂದು ಕೆಂಪುಗೆರೆ ಕಿಂಡಿಯ ಹಿಂದಿನ ದನಿಯಲ್ಲಿ ಗದರಿದ, ಆ ಮನುಷ್ಯ ತೆಪ್ಪಗಾದ. ಟೀಚರಮ್ಮ ವಿಳಾಸ ಹೇಳಿ ಮುಗಿಸಿ, ಸೆರಗಿನಿಂದ ತಂಗಿಯ ಬಾಯೊರೆಸಿ, ಆಚೆ ಬದಿಯಲ್ಲಿ ಕೂತಳು.

"ನಿಮ್ಮನೆ ಕಿಟಕಿ ಮುಚ್ಚಿದ್ದು ನೋಡ್ದೆ. ಆಗ್ಲೇ ಚಪ್ಪಲಿ ಮೆಟ್ಕೊಂಡು ನಿಂತಿದ್ದೆ," ಎಂದಳು.

"ಗೊತ್ತಿತ್ತಾ ನಿಮಗೆ?"

"ಹಾಡಹಗಲಲ್ಲಿ ಒಂದಾದ್ಮೇಲೊಂದು ಕಿಟಕಿ ಧಡಧಡ ಮುಚ್ಕೊಂಡ್ರೆ ಯಾರಿಗಪ್ಪಾ ಗೊತ್ತಾಗಲ್ಲ? ಬೀದಿಗೆಲ್ಲಾ ಗೊತ್ತು. ಪ್ರತಿ ಸಲ ಚಪ್ಪಲಿ ಹಾಕ್ಕೊಂಡು ನಿಂತಿರ್ತೀನಿ. ನಿಮ್ಮಮ್ಮ ಇದ್ದಾಗ್ಲೂ ಅಷ್ಟೇ. ಕರೆದ್ರೆ ಹೋಗೋಣ ಅಂತ. ನೀವು ಕರೀತಿರ್ಲಿಲ್ಲ."

ಅವನಿಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಇಪ್ಪತ್ತೈದು ವರ್ಷಕ್ಕೂ ಮೇಲೆ ಅವನು ಓಡಿ ಓಡಿ ಮುಚ್ಚಿದ್ದ. ಅದುರು ತಗ್ಗುತ್ತಿತ್ತು. ಎರಡು ಒದೆತದ ನಡುವೆ ಬಿಡುವು ಕಂಡಿತು, ಮತ್ತೊಂದು ಬಿಡುವು, ಇನ್ನೂ ಉದ್ದದ ಬಿಡುವು. ಒಂದು ದೊಡ್ಡ ಉಸಿರು ಬಂದು ಅವಳ ಮೈ ಸಡಿಲವಾಯಿತು. ಅವನು ಗಡಿಯಾರ ನೋಡಿದ. ಏಳು ನಿಮಿಷ ಐವತ್ತು ಸೆಕೆಂಡು.

ಆಂಬುಲೆನ್ಸಿಗೆ ಇನ್ನೂ ಹತ್ತು ನಿಮಿಷ ಬೇಕೆಂದು ಟೀಚರಮ್ಮ ಹೇಳಿದಳು. ತಂಗಿಯ ತುಟಿಗೆ ನಿಧಾನವಾಗಿ ಬಣ್ಣ ಮರಳುತ್ತಿತ್ತು. ಅವನು ಬಾಗಿಲ ಬಳಿಯಿಂದ ಬ್ಯಾಗೆಳೆದು ನೋಟ್‌ಬುಕ್ ತೆಗೆದ. ಮೂವತ್ತೆರಡನೆಯದು ಎಂದು ಬರೆದು, ಅದರ ಮುಂದೆ ಏಳು ಐವತ್ತು, ಬಿದ್ದ ಕ್ಷಣದಿಂದ, ಎಂದು ಬರೆದ. ಆಮೇಲೆ ಜೇಬಿನಿಂದ ಇನ್ನೊಂದು ಪೆನ್ನು ತೆಗೆದು ಮೊದಲ ಪುಟಕ್ಕೆ ಹೋದ. ಮೂವತ್ತೊಂದು ಸಾಲಿಗೂ ಒಂದೊಂದಾಗಿ ಕೆಂಪು ಗೆರೆ ಎಳೆದ. ಮೇಲೆ ಜಾಗ ಬಿಟ್ಟಿದ್ದಲ್ಲಿ, ಇವೆಲ್ಲ ತಪ್ಪು, ಕಿಟಕಿ ಮುಚ್ಚಿದ ಮೇಲೆ ಎಣಿಸಿದ್ದು, ಪ್ರತಿಯೊಂದಕ್ಕೂ ಎರಡು ನಿಮಿಷ ಹತ್ತು ಸೆಕೆಂಡು ಸೇರಿಸಬೇಕು, ಎಂದು ಬರೆದ. ಅಕ್ಷರ ದುಂಡಗೆ ಬರಲಿಲ್ಲ. ಕಿಟಕಿಯ ಆಚೆ ನಿಂತವರು ಏನು ಬರೆಯುತ್ತಿದ್ದಾನೆಂದು ಕತ್ತು ಚಾಚಿ ನೋಡುತ್ತಿದ್ದರು. ನೋಡಲಿ ಎಂದುಕೊಂಡ, ಆದರೆ ಅಷ್ಟು ಸುಲಭವಾಗಿ ಅಲ್ಲ, ಕೆನ್ನೆ ಉರಿಯುತ್ತಲೇ ಇತ್ತು.

ತಂಗಿಯ ರೆಪ್ಪೆ ಅಲುಗಿತು. ಎಲ್ಲಿದ್ದೇನೆಂದು ತಿಳಿಯದ ಕಣ್ಣು ಮಾಡಿನ ಮೇಲೆ, ಟೀಚರಮ್ಮನ ಮೇಲೆ ಅಲೆದು ಅವನ ಮೇಲೆ ಬಂದು ನಿಂತಿತು. ಈ ಸಲ ಯಾವ ಯಾವ ಹೆಸರು ಹೋಗಿವೆಯೋ.

"ನಾನ್ಯಾರು ಹೇಳು," ಎಂದ.

ಅವಳು ಬಹಳ ಹೊತ್ತು ನೋಡಿದಳು. ನಾಲಿಗೆ ದಪ್ಪಗಾಗಿತ್ತು. "ಕೆಂಪು..." ಎಂದು ನಿಂತಳು. ತುಟಿ ಆಡಿಸಿ ಹುಡುಕಿದಳು. "ಗೆರೆ."

ಅವನಿಗೆ ಅಳು ಬಂದುಬಿಟ್ಟಿತು. ಎಲ್ಲರೂ ನೋಡುತ್ತಿದ್ದರು, ಒರೆಸಿಕೊಳ್ಳಲೂ ಇಲ್ಲ.

"ಎಷ್ಟು?" ಎಂದಳು ಅವಳು, ಎದ್ದಾಗಲೆಲ್ಲ ಕೇಳುತ್ತಿದ್ದ ಹಾಗೆ. ತನ್ನ ಬದುಕಿನ ಆ ಹೊತ್ತಿನ ಬಗ್ಗೆ ಅವಳಿಗೆ ಸಿಗುತ್ತಿದ್ದುದು ಅಣ್ಣ ಹೇಳಿದ ಅದೊಂದೇ ಸಂಖ್ಯೆ.

"ಏಳು ನಿಮಿಷ ಐವತ್ತು ಸೆಕೆಂಡು."

"ಜಾಸ್ತಿ... ಆಯ್ತಲ್ಲ."

"ಜಾಸ್ತಿ ಆಗಿಲ್ಲ," ಎಂದ ಅವನು. "ಯಾವಾಗ್ಲೂ ಹೆಚ್ಚುಕಡಿಮೆ ಇಷ್ಟೇ ಇತ್ತು. ನಾನು ಕಮ್ಮಿ ಹೇಳ್ತಿದ್ದೆ."

ಅವಳಿಗೆ ಎಷ್ಟು ಅರ್ಥವಾಯಿತೋ ತಿಳಿಯಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು. ಮತ್ತೆ ರೆಪ್ಪೆ ಭಾರವಾಗಿ ಇಳಿಯುತ್ತಿತ್ತು. ದೂರದಲ್ಲಿ ಆಂಬುಲೆನ್ಸಿನ ಸದ್ದು ಕೇಳಿಸಿ, ಕಿಟಕಿಯ ಆಚೆ ನಿಂತಿದ್ದವರು ದಾರಿ ಬಿಡಲು ಸರಿದರು. ಅವರು ಸರಿದ ಜಾಗದಿಂದ ಬಿಸಿಲು ನೇರ ಅವಳ ಕಣ್ಣಿಗೆ ಬಿತ್ತು. ಅವಳು ಮುಖ ಕಿವುಚಿದಳು.

"ಬಿಸಿಲು," ಎಂದಳು.

ಅವನು ತಟ್ಟನೆ ಎದ್ದ. ಕೈ ಆಗಲೇ ಅಗುಳಿಯ ಮೇಲಿತ್ತು, ಕಿಟಕಿಯನ್ನು ಅರ್ಧ ಎಳೆದೂ ಆಗಿತ್ತು.

"ಬೇಡ ಅಣ್ಣಾ," ಎಂದಳು ತಂಗಿ, ಕಣ್ಣು ಮುಚ್ಚಿಕೊಂಡೇ. "ಇರ್ಲಿ ಬಿಡು."